ರಾಹುಕಾಲದಾಗ ಮುಟ್ಟಬಾರದ ಬ್ಲಾಗು

ನನ್ನ ಬ್ಲಾಗಿಗೆ ಪ್ಲಗಿನ್ನೋ ಸ್ಕ್ರಿಪ್ಟೋ ಅಂತ ನಾ ಒಂದು ಹೊಸ ಮೊಳಿ ಬಡಿದೆ ಅಂದ್ರ ಸಾಕು, ನಮ್ಮ ಮನ್ಯಾಗ ಯಾರಿಗಾದ್ರೂ ಅದು ಚುಚ್ಚೇ ಚುಚ್ಚತೈತಿ. ಇವತ್ತಿನ ತನಕ ಒಂದ್ಸಲಾನೂ ತಪ್ಪಿಲ್ಲ. ಹಂಗಂತ ಬಡಿಯೋದು ಬಿಟ್ಟಿಲ್ಲ, ಬಿಡೋದೂ ಇಲ್ಲ.

ನಾವು ಹೊಸಪೇಟಿಯೋರು. ಸಂಡೂರಿನ ಕಡೆ ಒಂದು ಗಣಿಯ ಲ್ಯಾಬಿನಾಗ ಅದಿರು ಪರೀಕ್ಷೆ ಮಾಡೋದು ನನ್ನ ಕೆಲಸ. ದಿನಾ ಸ್ಟಾಫ್ ಬಸ್ಸಿನಾಗ ಹೋಗಿ ಬರೋದು. ಕಿಟಕಿ ಪಕ್ಕ ಕುಂತು ಕಂಡದ್ದು, ಇಳಿದು ತಿಂದದ್ದು, ಕಂಡಕಂಡೋರ ಜೋಡಿ ಜಗಳ ಆಡಿದ್ದು, ಎಲ್ಲಾ ಬ್ಲಾಗಿನಾಗ ಬರೀತೀನಿ. ಮೂರು ವರ್ಷ ಆತು. ಪ್ಲಗಿನ್ ಅಂದ್ರ ಯಾರೋ ಮಾಡಿಟ್ಟ ಸಾಮಾನು, ತಂದು ಜೋಡಿಸಿದ್ರ ಆತು. ಸ್ಕ್ರಿಪ್ಟ್ ಅಂದ್ರ ನಾವೇ ಬರಕೊಳ್ಳೋ ನಾಕು ಸಾಲಿನ ಅಪ್ಪಣಿ. ಎರಡನ್ನೂ ಅದೇ ಬಸ್ಸಿನಾಗ ಮೊಬೈಲ್ ನೋಡಿ ನೋಡಿ ಕಲಿತೆ. ಯಾರೂ ಕಲಿಸಿಲ್ಲ.

ನಮ್ಮ ಮೈದುನಗ ಇದು ಹಿಡಿಸಂಗಿಲ್ಲ. ಅಂವ ತೋರಣಗಲ್ಲಿನ ಕಡೆ ಒಂದು ಕಾರ್ಖಾನಿಯಾಗ ಕಂಪ್ಯೂಟರ್ ನೋಡ್ಕೊಳ್ಳಾಂವ. ಯುಗಾದಿ ದಿನ ಹೋಳಿಗಿ ತಿಂತಾ ಅಂದ: "ಅತ್ತಿಗಿ, ಈ ಕಾಲದಾಗ ಬ್ಲಾಗ್ ಯಾರ್ ಓದ್ತಾರ್ರಿ? ಮುಚ್ಚಿಬಿಡ್ರಿ. ಅರ್ಧ ನಿಮಿಷದ ವಿಡಿಯೋ ಮಾಡ್ರಿ, ಮಸ್ತ್ ಓಡತಾವು."

"ನನಗ ಓಡೋದು ಬ್ಯಾಡಪಾ. ಕುಂತು ಓದೋರು ಬೇಕು."

"ಅದೇ, ಅವರು ಎಲ್ಲಿ ಅದಾರ?"

ಮಾತಿಗೆ ಮಾತು ಬೆಳೀತು. ಬಂದೋರನ್ನ ಎಣಿಸೋ ಒಂದು ಪ್ಲಗಿನ್ ಅಂವನೇ ತಂದು ಹಾಕಿದ. ಅದಕ್ಕಂತ ಅವನ ಹೆಸರಿಗೂ ಒಂದು ಲಾಗಿನ್ ಕೊಟ್ಟೆ. ಒಬ್ಬರೇ ಹತ್ತು ಸಲ ಬಂದ್ರೂ ಆ ಮೀಟರು ಹತ್ತು ಅಂತನ ಎಣಿಸತೈತಿ. ಷರತ್ತು ಏನಪಾ ಅಂದ್ರ, ದೀಪಾವಳಿಯೊಳಗ ಏಳು ದಿನ ಬಿಡದಂಗ ಮೀಟರು ದಿನಾ ನೂರು ದಾಟಬೇಕು. ದಾಟಲಿಲ್ಲಂದ್ರ ಅಂವ ತನ್ನ ಕೈಯಾರ ಬ್ಲಾಗ್ ಅಳಿಸಿಹಾಕ್ತಾನ. "ಆಗ್ಲಿ ಬಾ" ಅಂದೆ. ಅವತ್ತು ಮೀಟರಿನಾಗ ಬಿದ್ದದ್ದು ಆರು. ಅದರಾಗ ಎರಡು ನಾನೇ.

೧. ಲಂಡನ್ನಿನ ರಾಹು

ಓದೋರು ಯಾಕ ಬರವಲ್ರು ಅಂತ ನಮ್ಮತ್ತೆಗೆ ಮೊದಲೇ ಗೊತ್ತಿತ್ತು. "ನೀ ರಾಹುಕಾಲ ನೋಡಂಗಿಲ್ಲ, ಏನಿಲ್ಲ. ಮನಸಿಗೆ ಬಂದಾಗ ಹಾಕ್ತಿ. ಹೆಂಗ್ ಬರ್ತಾರ ಜನ?"

ನಾ ರಾಹುಕಾಲ ನಂಬಾಕಿ ಅಲ್ಲ. ಆದ್ರ ಸೋತಮ್ಯಾಲ ಈ ಮಾತು ಕೇಳಬಾರದು ಅಂತ ಹಟಕ್ಕ ಬಿದ್ದು ಒಂದು ಸ್ಕ್ರಿಪ್ಟ್ ಬರೆದೆ. ಏಳೂ ವಾರದ ರಾಹುಕಾಲ ಪಂಚಾಂಗ ನೋಡಿ ತುಂಬಿದೆ. ಆ ಹೊತ್ತಿನಾಗ ಹೊಸದು ಹಾಕೋದು, ಹಳೇದು ತಿದ್ದೋದು, ಅಳಿಸೋದು, ಯಾವ ಬಟನ್ನೂ ಒತ್ತಾಕ ಬರಬಾರದು. "ರಾಹುಕಾಲ ನಡದೈತಿ, ಆಮ್ಯಾಲ ಬರ್ರಿ" ಅಂತ ಕೆಂಪಕ್ಷರದಾಗ ಬರಬೇಕು.

ಗುರುವಾರ ಸಂಜಿ ಏಳಕ್ಕ ಬರದ್ದು ಹಾಕಾಕ ಹೋದ್ರ ಕೆಂಪಕ್ಷರ! ಗುರುವಾರದ ರಾಹುಕಾಲ ಮಧ್ಯಾಹ್ನ ಒಂದೂವರಿಗೆ. ಅದು ಮುಗಿದು ಎಷ್ಟೋ ಹೊತ್ತಾಗಿತ್ತು. ತಲಿ ಕೆರಕೊಂಡು ಹುಡುಕಿದೆ. ಬ್ಲಾಗ್ ಇಟ್ಟಿರೋ ಕಂಪ್ಯೂಟರಿನ ಗಡಿಯಾರ ಲಂಡನ್ ಕಡೆ ಟೈಮಿನಾಗ ಓಡತಿತ್ತು. ನಮಗೂ ಅವರಿಗೂ ಐದೂವರಿ ತಾಸು ಫರಕು.

ಅತ್ತೆಗೆ ಹೇಳಿದೆ. ಅವರು ಗಾಬರಿ ಆಗಿ ಕೈ ಎದಿ ಮ್ಯಾಲ ಇಟ್ಟುಕೊಂಡ್ರು. "ಅಯ್ಯ ಶಿವನ, ಹಂಗಾದ್ರ ಇಷ್ಟು ದಿನ ನೀ ಎರಡೂ ಊರಿನ ರಾಹುಕಾಲದಾಗ ಹಾಕಿಯಲ್ಲವಾ!"

೨. ಅಜ್ಜಿ ಬೈತಾರ, ಚಟ್ನಿ ಚಲೋ ಐತಿ

ಗಡಿಯಾರ ಸರಿ ಮಾಡಿದೆ. ಜನ ಬರಲಿಲ್ಲ. ಮುಂದಿನ ಮೊಳಿ, ನಕಾಶಿ ಪ್ಲಗಿನ್.

ಹಂಪಿಗೆ ಹೋಗೋ ದಾರ್ಯಾಗ ಒಬ್ಬಾಕಿ ತಳ್ಳುಗಾಡಿ ಇಟ್ಟುಕೊಂಡು ಭಾಳ ಚಂದ ಇಡ್ಲಿ ಮಾಡ್ತಾಳ. ಅದನ್ನ ಬರೆದು, ಆ ಜಾಗ ತೋರಿಸಾಕ ನಕಾಶಿ ಜೋಡಿಸಿದೆ. ನಾ ಜಾಗ ಗುರುತು ಮಾಡೋದು ಮರತೆ. ಗುರುತು ಮಾಡದಿದ್ರ ಆ ಪ್ಲಗಿನ್ನು ಬರೆಯೋರು ಕುಂತ ಜಾಗಾನ ತೋರಿಸತೈತಿ ಅಂತ ನನಗೇನು ಕನಸು ಬಿದ್ದಿತ್ತಾ?

ಭಾನುವಾರ ಮುಂಜಾನಿ ಎಂಟಕ್ಕ ನಾಕು ಜನ ಕ್ಯಾಮೆರಾ ಹೆಗಲಿಗೆ ಹಾಕ್ಕೊಂಡು ನಮ್ಮ ಬಾಗಿಲಿಗೆ ಬಂದ್ರು. ನಾ ಸ್ನಾನಕ್ಕ ಹೋಗಿದ್ದೆ. ಬಂದೋರನ್ನ ಯಾರು ಏನು ಅಂತ ಕೇಳೋಕಿಂತ ಮುಂಚೆ ಕುಂದ್ರಿಸಿ ತಾಟು ಇಡೋದು ನಮ್ಮತ್ತೆ ಪದ್ಧತಿ. ನಾ ಹೊರಗ ಬರೋದ್ರಾಗ ಇಡ್ಲಿ ಎರಡನೇ ಸುತ್ತಿಗೆ ಬಂದಿತ್ತು.

ಒಬ್ಬಾಂವ ಕೈ ತೊಳಕೊಂಡು "ಎಷ್ಟಾತ್ರಿ ಅಮ್ಮಾ?" ಅಂದ. ಅಷ್ಟೇ! "ಮನಿಗೆ ಬಂದು ಉಂಡು ರೇಟ್ ಕೇಳ್ತೀಯೇನಲೇ? ನಿಮ್ಮವ್ವ ಇದೇ ಕಲಿಸ್ಯಾಳೇನ?" ಅಂತ ನಮ್ಮತ್ತೆ ಅವನ ಬೆವರಿಳಿಸಿದ್ರು.

ಸಂಜಿಗೆ ಬ್ಲಾಗಿನ ಕೆಳಗ ಅವರ ಅಭಿಪ್ರಾಯ ಬಂತು: "ಅಜ್ಜಿ ಭಾಳ ಬೈತಾರ, ಆದ್ರ ಚಟ್ನಿ ಚಲೋ ಐತಿ. ತಪ್ಪದೇ ಹೋಗ್ರಿ." ನಮ್ಮ ಯಜಮಾನ್ರು ಮನ್ಯಾಗ ತುಟಿ ಬಿಚ್ಚೋರಲ್ಲ. ಅವತ್ತು ಮೊದಲ ಸಲ ನನ್ನ ಬ್ಲಾಗಿನಾಗ ಬರೆದ್ರು: "ಚಟ್ನಿ ನಮಗೆ ಉಳಿಲಿಲ್ಲ. ಬೈಗುಳ ಉಳಿದಾವು."

೩. ಕಂಪ್ಲಿಯ ಸೂಪರ್

ಮೀಟರು ಹನ್ನೊಂದಕ್ಕ ಏರಿ ಅಲ್ಲೇ ಕುಂತಿತು. ಅಷ್ಟರಾಗ ಯಾರ್ಯಾರೋ ಬಂದು ಬ್ಲಾಗಿನ ಕೆಳಗ ಕೂದಲು ಬೆಳೆಯೋ ಎಣ್ಣಿ ಜಾಹೀರಾತು ಹಾಕಾಕ ಹತ್ತಿದ್ರು. ಕಸ ಬಳಿಯೋ ಪ್ಲಗಿನ್ ಒಂದು ಹಾಕಿದೆ.

ಶ್ರಾವಣ ಬಂತು. ಕಂಪ್ಲಿಗೆ ಕೊಟ್ಟ ನಮ್ಮ ನಾದಿನಿ, ಅಕ್ಕಿ ಗಿರಣಿ ಮನಿಯ ಸೊಸಿ, ಫೋನ್ ಮಾಡಿ "ನಾ ಈ ಸಲ ಪಂಚಮಿಗೆ ಬರಂಗಿಲ್ಲ" ಅಂದ್ಲು. ಪಂಚಮಿಗೆ ಮಗಳು ತವರಿಗೆ ಬರಂಗಿಲ್ಲಂದ್ರ! ಉಂಡಿ ಕಟ್ಟತಿದ್ದ ನಮ್ಮತ್ತೆ ಕೈ ಅಲ್ಲೇ ನಿಂತಿತು. ಏನಾತು ಅಂತ ಕೇಳಿದ್ರ, "ಅತ್ತಿಗಿ ನಾ ಬರದದ್ದೆಲ್ಲಾ ಅಳಸ್ಯಾರ" ಅಂತ ಅತ್ಲು.

ಕಸದ ಬುಟ್ಟಿ ತೆಗೆದು ನೋಡಿದೆ. ಇಪ್ಪತ್ತಾರು "ಸೂಪರ್ ಅತ್ತಿಗಿ" ಬಿದ್ದಿದ್ದವು. ಎಲ್ಲಾ ಒಂದೇ ತರ ಇದ್ದದ್ದಕ್ಕ ಎಣ್ಣಿ ಮಾರೋರ ಸಾಲಿನಾಗ ಸೇರಿಸಿತ್ತು ಪ್ಲಗಿನ್ನು. ಇಪ್ಪತ್ತಾರನ್ನೂ ಎತ್ತಿ ಜಾಗಕ್ಕ ಇಟ್ಟು, ನಾದಿನಿ ಮಾತು ಯಾವತ್ತೂ ಕಸ ಅಲ್ಲ ಅಂತ ಒಂದು ಸ್ಕ್ರಿಪ್ಟ್ ಬರೆದೆ. ಬಂದ್ಲು. ಉಂಡಿ ತಿಂತಾ ಮೊಬೈಲಿನಾಗ ಮೊದಲಿಂದ ಕಡೀತನಕ ನೋಡಿದ್ಲು. ನೋಡಿ ಅಂದ್ಲು: "ಯಾಕೋ ಎಲ್ಲಾ ಒಂದೇ ತರ ಅದಾವಲ್ಲ ಅತ್ತಿಗಿ, ನೀವೇ ಬರಕೊಂಡಂಗ ಕಾಣತೈತಿ."

೪. ಪ್ರದಕ್ಷಿಣಿ

ದೀಪಾವಳಿಗೆ ಒಂದೇ ವಾರ ಉಳೀತು. ನನ್ನ ಜೀವ ಕೈಯಾಗ ಇತ್ತು. ಹೊರಗ ಹುಲಿಯಂಗ ಇದ್ದೆ, ಒಳಗ ಮೂರು ವರ್ಷದ ಬರಹ ಹೋಗತೈತಲ್ಲ ಅಂತ ಸಂಕಟ.

ಅಂಥಾದ್ರಾಗ ಒಂದು ಸೋಮವಾರ ಮೀಟರು ನೂರಾ ಹತ್ತೊಂಬತ್ತು! ಕಣ್ಣುಜ್ಜಿಕೊಂಡು ನೋಡಿದೆ. ಮಂಗಳವಾರ ನೂರಾ ಹದಿನೇಳು. ಬುಧವಾರ ನೂರಾ ಇಪ್ಪತ್ತೊಂದು. ದಿನಾ ಮೀಟರಿನ ಫೋಟೋ ತೆಗೆದು, ಒಂದು ಮಾತೂ ಬರೀದ, ಮೈದುನಗ ಕಳಿಸಿದೆ. ಶನಿವಾರಕ್ಕ ಆರು ದಿನ ಆತು. ಇನ್ನೊಂದೇ ದಿನ.

ಸುಮ್ಮನಿದ್ದಿದ್ರ ಗೆಲ್ಲತಿದ್ದೆ. ನನ್ನ ಬುದ್ಧಿ ಸುಮ್ಮನಿರಬೇಕಲ್ಲ? ಶನಿವಾರ ಬಸ್ಸಿನಾಗ ಕುಂತು ಲೆಕ್ಕ ಬಿಡಿಸಿ ನೋಡಿದೆ. ದಿನಾ ಮುಂಜಾನಿ ಆರೂವರಿಯಿಂದ ಏಳರೊಳಗ ಸರಿಯಾಗಿ ನೂರಾ ಎಂಟು. ಒಂದು ಹೆಚ್ಚಿಲ್ಲ, ಒಂದು ಕಡಿಮಿಲ್ಲ. ಮನುಷ್ಯರು ಹಿಂಗ ಬರ್ತಾರೇನ? ಇದು ಯಾವುದೋ ರೋಬೋಟಿನ ಕೆಲಸ ಅನ್ನಿಸ್ತು. ರೋಬೋಟ್ ಓದಿ ಗೆದ್ದಾಕಿ ಅನ್ನಿಸ್ಕೊಳ್ಳೋದು ನನಗ ಬ್ಯಾಡ. ಬಂದೋರು "ನಾನು ರೋಬೋಟ್ ಅಲ್ಲ" ಅಂತ ತೋರಿಸಿಕೊಂಡ್ರ ಮಾತ್ರ ಒಳಗ ಬಿಡೋ ಪ್ಲಗಿನ್ ಹಾಕಿದೆ.

ಭಾನುವಾರ ಮುಂಜಾನಿ ಆರೂವರಿಗೆ ದೇವರ ಕೋಣಿಯಿಂದ ಕೂಗು. "ಏನ್ ಬಂದೈತಿ ಇದಕ್ಕ! ಬಸ್ಸಿರೋ ಚಿತ್ರ ಒತ್ತು ಅಂತೈತಿ. ಒತ್ತೀನಿ. ಮತ್ತ ಒತ್ತು ಅಂತೈತಿ. ನಾ ಮನುಷ್ಯಳಲ್ಲ ಅಂತೈತಿ!"

ಹೋಗಿ ನೋಡಿದ್ರ ನಮ್ಮತ್ತೆ ಎಡಗೈಯಾಗ ಜಪಮಾಲಿ, ಬಲಗೈಯಾಗ ಮೊಬೈಲು. ಒಂದು ಮಣಿ ಎಳೆಯೋದು, ನನ್ನ ಬ್ಲಾಗ್ ತೆಗೆಯೋದು. ಇನ್ನೊಂದು ಮಣಿ, ಇನ್ನೊಂದು ಸಲ.

"ಏನ್ರಿ ಅತ್ತೆ ಇದು?"

"ನೂರಾ ಎಂಟು ಪ್ರದಕ್ಷಿಣಿ ಹರಕಿ ಹೊತ್ತೀನವಾ. ನಿನ್ನ ಬ್ಲಾಗ್ ಉಳೀಲಿ ಅಂತ."

"ಅಷ್ಟು ಸಲ ಬಂದಿರಿ, ಒಂದಾದ್ರೂ ಓದಿದಿರೇನು?"

"ಪ್ರದಕ್ಷಿಣಿ ಹಾಕೋರು ಗುಡಿ ಗ್ವಾಡಿ ಓದ್ತಾರೇನ?"

ನನಗ ನಗು ಬಂತು, ಕಣ್ಣಾಗ ನೀರೂ ಬಂತು. ಆದ್ರ ಅಷ್ಟೊತ್ತಿಗೆ ಅವರು ಸಣ್ಣ ಮಗಗ ಫೋನ್ ಮಾಡಿ, "ಲೇ, ನಾ ಮನುಷ್ಯಳು ಅಂತ ನಿಮ್ಮ ಅತ್ತಿಗಿ ಮಷಿನ್ನಿಗೆ ಹೇಳಲೇ" ಅಂದುಬಿಟ್ಟಿದ್ರು. ಗುಟ್ಟು ರಟ್ಟಾತು.

ಸಂಜಿ ನಾಕಕ್ಕ ಮೈದುನ ನಕ್ಕೋತ ಬಂದ. ಮಂಡಕ್ಕಿ, ಮಿರ್ಚಿ ತಿಂದ. "ಸೋತ್ರಿ ಅತ್ತಿಗಿ."

"ಯಾಕ ಸೋತಾಳ?" ಅಂದ್ರು ಅತ್ತೆ. "ನೂರು ಜನ ಒಂದೊಂದ್ಸಲ ಬಂದ್ರೇನು, ನಾ ಒಬ್ಬಾಕಿ ನೂರು ಸಲ ಬಂದ್ರೇನು? ಮ್ಯಾಲ ಎಂಟು ಹೆಚ್ಚಿಗಿ ಕೊಟ್ಟೀನಿ."

"ಆತು ಬಿಡವಾ, ಅದನ್ನೂ ಹಿಡಿಯೋಣು. ಇವತ್ತಿಂದು ಏಳನೇ ದಿನ. ಮೀಟರು ಎಷ್ಟೈತಿ? ಹನ್ನೊಂದು. ಐದೂವರಿಗೆ ನನ್ನ ಬಸ್ಸು. ಅಳಿಸಿ ಹೋಗ್ತೀನಿ."

ಕುಂತ. ತನ್ನ ಲಾಗಿನ್ನಿನಿಂದ ಒಳಗ ಹೋದ. ಅಳಿಸೋ ಬಟನ್ ಒತ್ತಿದ.

ಕೆಂಪಕ್ಷರ ಬಂತು: "ರಾಹುಕಾಲ ನಡದೈತಿ, ಆಮ್ಯಾಲ ಬರ್ರಿ."

ಭಾನುವಾರದ ರಾಹುಕಾಲ ನಾಕೂವರಿಯಿಂದ ಆರು. ಅವನ ಬಸ್ಸು ಐದೂವರಿಗೆ. ಅತ್ತೆ ಕೈ ಮುಗಿದ್ರು, ಯಾವ ದೇವರಿಗೋ, ರಾಹುಗೋ ತಿಳಿಲಿಲ್ಲ. "ಆರು ಆಗ್ಲಿ, ಬಸ್ಸಿನಾಗಿಂದನ ಅಳಿಸ್ತೀನಿ" ಅಂತ ಅಂವ ಎದ್ದು ಹೋದ.

ಅಂವ ಓಣಿ ದಾಟೋದ್ರಾಗ ನಾ ಒಂದೇ ಒಂದು ಸಾಲು ಬರೆದೆ. ಮೈದುನನ ಹೆಸರಿನಿಂದ ಯಾರು ಒಳಗ ಬಂದ್ರೂ, ವಾರ ಯಾವುದೇ ಇರಲಿ, ಹೊತ್ತು ಯಾವುದೇ ಇರಲಿ, ರಾಹುಕಾಲ.

ಆರೂಕಾಲಕ್ಕ ಅವನ ಫೋನ್ ಬಂತು. "ಅತ್ತಿಗಿ, ಇನ್ನೂ ರಾಹುಕಾಲ ಅಂತೈತಲ್ರಿ?"

"ಲಂಡನ್ ಗಡಿಯಾರಪಾ ಅದು, ಹಿಂದ ಮುಂದ ಆಗತಿರತೈತಿ. ತೆಗೆದು ತೆಗೆದು ನೋಡ್ತಿರು" ಅಂದೆ.

ಸೋಮವಾರ ಸ್ಟಾಫ್ ಬಸ್ಸಿನಾಗ ಕುಂತು ಭಾನುವಾರದ ಮೀಟರು ನೋಡಿದೆ. ರಾಹುಕಾಲ ಮುಗೀತೇನು ಅಂತ ನಮ್ಮ ಮೈದುನ ಬಸ್ಸಿನಾಗಿಂದ ಹಿಡಿದು ರಾತ್ರಿ ಮಲಗೋತನಕ ತೊಂಬತ್ತೇಳು ಸಲ ಬ್ಲಾಗ್ ತೆಗೆದು ನೋಡಿದ್ದ. ಹನ್ನೊಂದಕ್ಕ ತೊಂಬತ್ತೇಳು ಕೂಡಿ ಒಟ್ಟು ನೂರಾ ಎಂಟು. ಏಳನೇ ದಿನಾನೂ ನೂರು ದಾಟಿತ್ತು!

ಫೋಟೋ ತೆಗೆದು, ಒಂದು ಮಾತೂ ಬರೀದ, ಅವಗ ಕಳಿಸಿದೆ. ಆಮ್ಯಾಲ ಅತ್ತೆಗೆ ಫೋನ್ ಹಚ್ಚಿ ಸುದ್ದಿ ಹೇಳಿದೆ.

ಅವರು ಅಂದ್ರು: "ಕಡೀಗೂ ಅವಗ ಭಕ್ತಿ ಬಂತಲ್ಲವಾ."