ಚಿಗವ್ವನ ವೀಸಾಕ್ಕಾಗಿ ನಾನು ಮಂಡಿಸಿದ ವಾದ

ಕುಷ್ಟಗಿಯ ನಮ್ಮ ಓಣಿಯಲ್ಲಿ ಚಾಲ್ತಿಯಲ್ಲಿರುವ ಕತೆ ಇದು: ಕಾಕಾ, ಚಿಗವ್ವ ಯುರೋಪಿಗೆ ಹೊರಟಿದ್ದರು, ವೀಸಾ ಆಫೀಸಿನ ಸೊಕ್ಕಿನ ಅಧಿಕಾರಿ ಅಡ್ಡಗಾಲು ಹಾಕಿದ. ಈ ಹೇಳಿಕೆಯನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಆತ ಪಾಪದ ಮನುಷ್ಯ. ನಮಗೆ ಕುಡಿಯಲು ನೀರು ಸಹ ತರಿಸಿಕೊಟ್ಟಿದ್ದ. ಅಡ್ಡಗಾಲು ನನ್ನದು!

ಎಲ್ಲ ಶುರುವಾದದ್ದು ಚಿಗವ್ವನ ಮೊಬೈಲಿನಿಂದ. ಅದರಲ್ಲಿ ಆಕೆ ಒಂದು ವಿಡಿಯೊ ನೋಡಿದಳು: ಯುರೋಪಿನಲ್ಲಿ ಸ್ಲೊವೇನಿಯಾ ಅಂತ ಪುಟ್ಟ ದೇಶ. ಅಲ್ಲೊಂದು ಸರೋವರ, ನಡುವೆ ನಡುಗಡ್ಡೆ, ಅದರ ಮೇಲೊಂದು ಚರ್ಚು. ಅಲ್ಲಿ ಗಂಟೆ ಬಾರಿಸಿದರೆ ಅಂದುಕೊಂಡದ್ದು ಆಗುತ್ತದಂತೆ. ಅಲ್ಲಿಗೆ ಹೋಗಲೇಬೇಕು ಅಂತ ಹಟ ಹಿಡಿದಳು.

"ನಮ್ಮ ಸಾಣಾಪುರದ ಕೆರಿ ಇದಕ್ಕಿಂತ ಏನ್ ಕಮ್ಮಿ?" ಅಂದರು ಸ್ಟೀಲ್ ಪಾತ್ರೆ ಅಂಗಡಿಯ ನಮ್ಮ ಕಾಕಾ.

"ಗಂಟಿ ಬಾರಿಸಿದ್ರ ಆಸೆ ತೀರತೈತಿ ಅನ್ನಾಕ ಪುರಾವೆ ಏನೈತಿ?" ಅಂದೆ ನಾನು. ನಾನು ಕಾನೂನು ಓದುವವಳು. ಚರ್ಚಾಸ್ಪರ್ಧೆಯ ಕಪ್ಪುಗಳಿಂದಾಗಿ ನಮ್ಮನೆಯಲ್ಲಿ ಟಿವಿಗೇ ಜಾಗವಿಲ್ಲ.

"ಹುಲಿಗೆಮ್ಮನ ಗುಡ್ಯಾಗ ಗಂಟಿ ಹೊಡಿವಾಗ ಪುರಾವೆ ಕೇಳ್ತೀಯೇನ?" ಅಂದಳು ಚಿಗವ್ವ. ಆಮೇಲೆ ದನಿ ಇಳಿಸಿದಳು. "ಮಗಳು ಬಸುರಿ ಅದಾಳ. ಮೊಮ್ಮಗು ಬಂತಂದ್ರ ನಾ ಹೊಸ್ತಿಲ ದಾಟೂದು ಮುಗೀತು. ಈಗ ಹೋದ್ರ ಹೋದ್ವಿ, ಇಲ್ಲಂದ್ರ ಇಲ್ಲ."

ಆ ಕ್ಷಣವೇ ನಾನು ಪಕ್ಷ ಬದಲಿಸಿದೆ. ಹಾಗಾಗಿ ಪ್ರವಾಸದ ಸಂಪೂರ್ಣ ಹೊಣೆ ಹೊತ್ತೆ! ಚಿಗವ್ವ ಬಿರುಬಿಸಿಲಿನಲ್ಲೇ ಉಣ್ಣೆ ಟೋಪಿ ಹಾಕಿಕೊಂಡು ರೊಟ್ಟಿ ಬಡಿಯತೊಡಗಿದಳು. ರೂಢಿ ಆಗಬೇಕಂತೆ.

ವೀಸಾ ಸಂದರ್ಶನಕ್ಕೆ ತಾಲೀಮು ಬೇಕಲ್ಲ? ನಾನೇ ಅಧಿಕಾರಿಯಾಗಿ ಸ್ಟೂಲ್ ಮೇಲೆ ಕೂತು, ಕಾಕಾನನ್ನು ಎದುರು ನಿಲ್ಲಿಸಿ ಗುಡುಗಿದೆ: "ಪಾತ್ರೆ ಮಾರೋರಿಗೆ ಯುರೋಪಿನ್ಯಾಗ ಏನ್ ಕೆಲಸ?"

ಕಾಕಾ ಬೆವರು ಒರೆಸಿಕೊಂಡರು. "ಖರೇನ ಏನೂ ಕೆಲಸ ಇಲ್ಲವ್ವಾ. ಬಿಟ್ಟಬಿಡೂಣು."

"ಅಕಿ ನಮ್ಮ ಹುಡುಗಿ ರೀ! ಅಕಿಗ್ಯಾಕ ಅಂಜ್ತೀರಿ?" ಅಂತ ಚಿಗವ್ವ ಟೋಪಿಯೊಳಗಿಂದಲೇ ಗದರಿದಳು.

ಇವರಿಬ್ಬರೂ ಬಾಯಿ ಬಿಡದಿದ್ದರೆ ಕೆಲಸ ಕೆಡುವುದಿಲ್ಲ, ಅಂತ ನಾನು ತೀರ್ಮಾನಿಸಿದೆ. ಹೇಗೂ ಅವರಿಗೆ ಇಂಗ್ಲಿಷ್ ಬಾರದು. ದುಭಾಷಿ ನಾನೇ!

ಬೆಂಗಳೂರಿನಲ್ಲಿ ಆ ಅಧಿಕಾರಿ ನಗುತ್ತಲೇ ಕೇಳಿದ: "ಪ್ರವಾಸ ಮುಗಿದ ಮೇಲೆ ವಾಪಸ್ ಬರುತ್ತಾರಲ್ಲ?"

'ಹೌದು' ಅಂದಿದ್ದರೆ ಮುಗಿದಿತ್ತು. ಆದರೆ ಎದುರಾಳಿ ಬಾಯಿ ತೆರೆಯುವ ಮೊದಲೇ ಅವನ ವಾದವನ್ನು ನಾವೇ ಹೇಳಿ, ಆಮೇಲೆ ಒಡೆಯಬೇಕು. ನನ್ನ ಕಪ್ಪುಗಳ ಗುಟ್ಟೇ ಅದು. ಎದ್ದು ನಿಂತು ಇಂಗ್ಲಿಷಿನಲ್ಲಿ ಶುರು ಮಾಡಿದೆ: "ಮಾನ್ಯರೇ, ಇವರು ಮರಳುವುದಿಲ್ಲವೆಂದು ತಾವು ಶಂಕಿಸಬಹುದು. ಅಂಗಡಿಯನ್ನು ಆಳುಗಳೇ ನಡೆಸಬಲ್ಲರು. ಮಗಳಿಗೆ ಮದುವೆಯಾಗಿದೆ. ಮನೆಯಲ್ಲಿ ಇವರನ್ನೇ ನೆಚ್ಚಿಕೊಂಡವರು ಯಾರೂ ಇಲ್ಲ..."

ಆತ ಏನನ್ನೂ ಶಂಕಿಸಿರಲಿಲ್ಲ. ಈಗ ಪೆನ್ನು ತೆಗೆದ!

ಏನೋ ಎಡವಟ್ಟಾಗಿದೆ ಅಂತ ಚಿಗವ್ವನಿಗೆ ಅನಿಸಿರಬೇಕು. ನನ್ನ ಕೈ ಜಗ್ಗಿದಳು. "ಬರ್ತೀವಿ ಅಂತ ಹೇಳವಾ. ಮಗಳ ಬಾಣಂತನ ನಾನ ಮಾಡಬೇಕಲ್ಲ? ಅಕಿನ್ನ ಬಿಟ್ಟು ಅಲ್ಲಿ ಕುಂತು ಏನ್ ಮಾಡ್ಲಿ?"

"ಏನಂತಾರೆ?" ಅಂದ ಅಧಿಕಾರಿ.

ಭಾವುಕ ಮಾತಿಗೆ ಚರ್ಚಾಸ್ಪರ್ಧೆಯಲ್ಲಿ ಅಂಕವಿಲ್ಲ. "ಏನಿಲ್ಲ ಸರ್, ಮನೆ ವಿಷಯ," ಅಂದೆ. "ಈಗ ನನ್ನ ಖಂಡನೆಗೆ ಬರುತ್ತೇನೆ."

"ಬೇಡ, ಸಾಕು," ಅಂದ ಆತ.

ಎದುರಾಳಿಯ ವಾದವನ್ನು ಇಷ್ಟು ಸಮರ್ಥವಾಗಿ ಮಂಡಿಸಿದ ಇನ್ನೊಬ್ಬ ಸ್ಪರ್ಧಿ ಕೊಪ್ಪಳ ಜಿಲ್ಲೆಯಲ್ಲಿ ಹುಟ್ಟಿಲ್ಲ!

ವೀಸಾ ಇಲ್ಲದೆ ಪಾಸ್‌ಪೋರ್ಟುಗಳು ಮರಳಿದವು. ಕಾರಣ: ಅರ್ಜಿದಾರರು ಊರಿಗೆ ಮರಳುವ ಖಾತ್ರಿ ಇಲ್ಲ. ಓಣಿಯವರು ಅಧಿಕಾರಿಯನ್ನು ಬೈದರು. ಕಾಕಾನೂ ಬೈದರು. ನಾಚಿಕೆಗೆಟ್ಟ ನಾನೂ ಹೌದು ಹೌದು ಅಂತ ತಲೆ ಆಡಿಸಿದೆ. ಚಿಗವ್ವ ಮಾತ್ರ ಯಾರನ್ನೂ ಬೈಯಲಿಲ್ಲ.

ನಿನ್ನೆ ಆಕೆ ಮಗಳ ಬಾಣಂತನಕ್ಕೆಂದು ಅಂಟಿನುಂಡಿ ಕಟ್ಟುತ್ತಿದ್ದಳು. ಒಂದನ್ನು ನನ್ನ ಕೈಗಿಟ್ಟು, "ತಿನ್ನವಾ, ಮಾತಾಡಿ ಮಾತಾಡಿ ಸೊರಗೀದಿ," ಅಂದಳು. ಉಂಡಿಯನ್ನು ತಟ್ಟೆಗೆ ವಾಪಸ್ ಇಟ್ಟೆ. ಮೊದಲ ಬಾರಿಗೆ, ಯಾವ ವಾದವನ್ನೂ ಹೂಡದೆ ಕೇಳಿದೆ:

"ಚಿಗವ್ವಾ, ಅವತ್ತ ನೀ ಬಾಣಂತನದ ಮಾತು ಹೇಳಿದ್ಯಲ್ಲ, ಅದನ್ನ ನಾ ಸಾಹೇಬರಿಗೆ ಮುಟ್ಟಿಸಲಿಲ್ಲ ಅನ್ನೂದು ನಿನಗ ಆಗ್ಲೇ ತಿಳಿದಿತ್ತೇನ?"