ತವರಿಗೆ ರಿವರ್ಸ್ ಗೇರು

ಯಮುನ ಡೈರಿಯಲ್ಲಿ ಸುಳ್ಳು ಬರೆಯುವವಳಲ್ಲ. ಹಾಲು ಉಕ್ಕಿದರೆ ಉಕ್ಕಿತು ಎಂದೇ ಬರೆಯುತ್ತಿದ್ದಳು. ಸ್ವಲ್ಪ ಚೆಲ್ಲಿತು ಎಂದು ಮೆದು ಮಾಡುತ್ತಿರಲಿಲ್ಲ. ಎಸ್ಟೇಟಿನ ದೊರೆಯ ಬಂಗಲೆಯಿಂದ ಬಂದ ಆ ದಪ್ಪ ಡೈರಿಯಲ್ಲಿ ಮಗಳು ಸೀತುವಿನ ಮೊದಲ ಹಲ್ಲಿನಿಂದ ಹಿಡಿದು ಗಂಡ ಬೆಳ್ಯಪ್ಪ ಕಳೆದುಹಾಕಿದ ಮೂರನೇ ಕೊಡೆಯವರೆಗೆ ಎಲ್ಲವೂ ತಾರೀಖಿನ ಸಮೇತ ದಾಖಲಾಗಿತ್ತು. ಆ ಶುಕ್ರವಾರ ಅವಳು ಬರೆದಳು: "ಭಾನುವಾರ ತವರಿಗೆ. ಕಾರಿನಲ್ಲಿ! ಏನೂ ತಪ್ಪುವುದಿಲ್ಲ. ಎಲ್ಲವನ್ನೂ ನಾನೇ ನೋಡಿಕೊಳ್ಳುತ್ತೇನೆ."

ಕೊನೆಯ ವಾಕ್ಯದ ಕೆಳಗೆ ಎರಡು ಗೆರೆ ಬೇರೆ ಎಳೆದಳು. ವಿಧಿ ಆ ಗೆರೆಗಳನ್ನು ನೋಡಿ ನಕ್ಕಿರಬೇಕು.

ಡೈರಿಯ ಅದೇ ಹಾಳೆಯ ನಡುವೆ ಅವ್ವನ ಕಾಗದವಿತ್ತು. ಮಡಿಸಿ ಬಿಚ್ಚಿ, ಮಡಿಸಿ ಬಿಚ್ಚಿ, ಮಡಿಕೆಯಲ್ಲೇ ಹರಿದಿತ್ತು. "ಮಗು ನಡೀತದೆ ಅಂತ ಬರೆದಿದ್ದೀಯ. ನಾನು ನೋಡುವ ಹೊತ್ತಿಗೆ ಅದು ಸ್ಲೇಟು ಹಿಡ್ಕೊಂಡು ಶಾಲೆಗೆ ಹೋಗ್ತಿರ್ತದೋ ಏನೋ." ಐದು ತಿಂಗಳ ಕೂಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಚೇರಂಬಾಣೆಯ ಆ ಅಂಗಳ ದಾಟಿ ಬಂದವಳು ಯಮುನ. ಈಗ ಸೀತುವಿಗೆ ಹದಿನಾಲ್ಕು ತಿಂಗಳು. ಅಮ್ಮತ್ತಿಯಿಂದ ತವರಿಗೆ ಮೂರು ಬಸ್ಸು ಬದಲಿಸಬೇಕು. ಸೀತು ಮೊದಲನೆಯ ಬಸ್ಸಿನಲ್ಲೇ, ಅದು ಹೊರಡುವ ಮೊದಲೇ, ವಾಂತಿ ಮಾಡುತ್ತಿದ್ದಳು. ಎಸ್ಟೇಟಿನಲ್ಲಿ ಲೆಕ್ಕ, ಹಾಜರಿ ಬರೆಯುವ ರೈಟರಾದ ಬೆಳ್ಯಪ್ಪನಿಗೆ ಕಾಫಿ ಪಿಕಿಂಗ್ ಮುಗಿಯುವ ತನಕ ಭಾನುವಾರ ಬಿಟ್ಟರೆ ರಜೆಯಿಲ್ಲ. ಒಂದೇ ದಿನದಲ್ಲಿ ಹೋಗಿ ಬರಬೇಕು. ಅವ್ವ ಒಂದು ಸಲ, ಒಂದೇ ಒಂದು ಸಲ, ಮಗು ನಡೆಯುವುದನ್ನು ನೋಡಬೇಕು. ಯಮುನಳಿಗೆ ಬೇಕಾದದ್ದು ಅಷ್ಟೇ.

ಆಗ ಬಂತು ದೊರೆಯ ಅಪ್ಪಣೆ. ಊಟಿಗೆ ಹೊರಟ ದೊರೆ, "ನನ್ನ ಅಮೆರಿಕದ ಕಾರನ್ನು ಭಾನುವಾರ ಭಾನುವಾರ ಓಡಿಸಿ, ನಿಂತರೆ ಕೆಡುತ್ತದೆ. ಎಲ್ಲಿಗೆ ಬೇಕಾದರೂ ಹೋಗಿ" ಎಂದುಬಿಟ್ಟ!

ಅದು ಆನೆಮರಿಯಷ್ಟು ಅಗಲದ, ಹಸಿರು ಬಣ್ಣದ ಕಾರು. ಗೇರು ತನ್ನಷ್ಟಕ್ಕೆ ತಾನೇ ಬದಲಾಗುತ್ತದೆ; ಕ್ಲಚ್ ಎಂಬುದೇ ಇಲ್ಲ. "ಇಡೀ ಕೊಡಗು ರಾಜ್ಯದಲ್ಲಿ ಇಂಥದ್ದು ಇನ್ನೊಂದಿಲ್ಲ ಯಮುನಕ್ಕ. ಚೀಫ್ ಕಮಿಷನರಿಗೂ ಇಲ್ಲ!" ಎಂದು ಎದೆಯುಬ್ಬಿಸಿದವನು ಎಸ್ಟೇಟಿನ ಲಾರಿ ಡ್ರೈವರ್ ಕುಟ್ಟಪ್ಪ. ಆದರೆ ಎದೆಗಿದ್ದ ಧೈರ್ಯ ಅವನ ಎಡಗಾಲಿಗಿರಲಿಲ್ಲ. ಹತ್ತು ವರ್ಷ ಕ್ಲಚ್ ತುಳಿದ ಕಾಲು. ಕೆಲಸವಿಲ್ಲದೆ ಕೂರಲು ಅದಕ್ಕೆ ಬರುತ್ತಿರಲಿಲ್ಲ. ಇಲ್ಲದ ಕ್ಲಚ್ಚನ್ನು ಹುಡುಕಿ ಬ್ರೇಕನ್ನು ತುಳಿಯುತ್ತಿತ್ತು!

ಸ್ಟಿಯರಿಂಗಿನ ಕೆಳಗೊಂದು ಗೇರಿನ ಕಡ್ಡಿ, ಅದರ ನೆತ್ತಿಯಲ್ಲಿ ಇಂಗ್ಲಿಷಿನ ಐದು ಅಕ್ಷರ. ಕುಟ್ಟಪ್ಪನಿಗೆ ಇಂಗ್ಲಿಷು ಬಾರದು. ಯಮುನ ಮಡಿಕೇರಿಯ ಹೈಸ್ಕೂಲಿನಲ್ಲಿ ನಾಲ್ಕನೇ ಫಾರಂವರೆಗೆ ಓದಿದವಳು. ಕಾರಿನ ಪುಸ್ತಕ ತರಿಸಿ ಓದಿದಳು. ಚೀಟಿಗಳ ಮೇಲೆ ಕನ್ನಡದಲ್ಲಿ ಬರೆದು, ಅನ್ನದ ಅಂಟಿನಿಂದ ಅಂಟಿಸಿದಳು. ಪಿ ಎಂದರೆ "ಪವಡಿಸು". ಎನ್ ಎಂದರೆ "ನಿಲ್ಲು". ಡಿ ಎಂದರೆ "ದೌಡು". ಎಲ್ ಎಂದರೆ "ಲಗಾಮು". ಆರ್ ಬರುವಷ್ಟರಲ್ಲಿ ಒಳಗೆ ಸೀತು ಅತ್ತಳು, ಯಮುನ ಓಡಿದಳು. ಕೊನೆಯ ಚೀಟಿಯನ್ನು ಕುಟ್ಟಪ್ಪನೇ ಬರೆದು ಅಂಟಿಸಿದ: "ರೈಟ್".

ಅವನು ಲಾರಿಗೆ ಬರುವ ಮೊದಲು ಬಸ್ಸಿನ ಕಂಡಕ್ಟರನಾಗಿದ್ದವನು. ರೈಟ್ ಎಂದರೆ ಹೊರಡು! ಹಾಗೆಂದು ಕಡ್ಡಿಯನ್ನು ಅಲ್ಲಿಗೆ ಎಳೆದು ಆಕ್ಸಿಲರೇಟರ್ ಒತ್ತಿದ. ಕಾರು ಹೊರಟಿತು. ಹಿಂದಕ್ಕೆ! ಕಾಫಿ ಒಣಗಿಸುವ ಕಣಕ್ಕೆ ನುಗ್ಗಿ, ಒಂದು ಮೂಟೆ ಕಾಫಿ ಹಣ್ಣನ್ನು ಚಟ್ನಿ ಮಾಡಿ ನಿಂತಿತು. ಕಣದಲ್ಲಿ ಕಾಫಿ ಹರಡುತ್ತಿದ್ದ ಕೆಲಸದಾಳು ರಂಗಮ್ಮ ಗೋರುಮಣೆ ಬಿಸಾಡಿ ಆಳುಗಳ ಲೈನುಮನೆಯ ತನಕ ಓಡಿದಳು.

"ಯಾರೋ ಅದು ರೈಟ್ ಅಂತ ಬರೆದದ್ದು?" ಎಂದು ಬೆಳ್ಯಪ್ಪ ಕೂಗಿದ.

"ನಿಮ್ಮ ಹೆಸರೇ ರೈಟ್ರೆ! ಆರ್ ಅಂದ್ರೆ ರೈಟ್ರು ಅಂತನೂ ಆಗ್ತದಲ್ಲ? ಅದಕ್ಕೇ ಹಿಂದೆ ಹಿಂದೆ ಹೋಗ್ತದೆ" ಎಂದ ಕುಟ್ಟಪ್ಪ.

ಇಷ್ಟಾದರೂ ಯಮುನ ಧೃತಿಗೆಡಲಿಲ್ಲ. ಮುಂದಿನ ತಕರಾರು ಕಲೆಯದು. ದಿನಾ ಬೆಳಿಗ್ಗೆ ಕಾರಿನ ಹೊಟ್ಟೆಯ ಕೆಳಗೆ ನೆಲದ ಮೇಲೆ ಕೆಂಪು ಕಲೆ. ಕುಟ್ಟಪ್ಪನ ಬಾಯಿ ನೋಡಿದರೆ ಸಾಕ್ಷಿ ಬೇರೆ ಬೇಡ, ಸದಾ ಎಲೆ ಅಡಿಕೆ.

"ದೊರೆ ಕಾರಿನ ಅಡಿಗೆ ಉಗುಳ್ತೀಯಲ್ಲ, ನಾಚಿಕೆ ಆಗೋದಿಲ್ವಾ?"

"ಅಯ್ಯೋ ಯಮುನಕ್ಕ, ಕಾವೇರಮ್ಮನ ಆಣೆ! ನಾನು ಉಗಿದದ್ದಲ್ಲ."

"ಮತ್ತೆ ಕಾರು ಉಗೀತಾ?"

ಕುಟ್ಟಪ್ಪ ಚಿಂದಿ ಬಟ್ಟೆ ತಂದು ಕಲೆ ಒರೆಸಿದ. ಯಮುನ ಗೆದ್ದೆನೆಂದುಕೊಂಡಳು. ಕಾರು ನಿಜಕ್ಕೂ ಉಗಿಯುತ್ತಿತ್ತು ಎಂಬುದು ಅವಳಿಗೆ ಭಾನುವಾರ ಹನ್ನೊಂದು ಗಂಟೆಯ ತನಕ ತಿಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ಎಲ್ಲಾ ಸಾಮಾನು ಪಟ್ಟಿಯ ಪ್ರಕಾರ ಡಿಕ್ಕಿ ಸೇರಿತು. ಅವ್ವನಿಗೆ ಸೀರೆ, ಕಿತ್ತಳೆ, ಸೀತುವಿನ ಎಂಟು ಜೊತೆ ಬಟ್ಟೆ, ಬಿಸಿನೀರಿನ ಫ್ಲಾಸ್ಕು, ಗೇರ್‌ಬಾಕ್ಸಿಗೆ ಹಾಕುವ ಕೆಂಪು ಎಣ್ಣೆಯ ಟಿನ್ನು. ಒಂದೊಂದಕ್ಕೂ ಡೈರಿಯಲ್ಲಿ ಗುರುತು. ಉಳಿದದ್ದು ಒಂದೇ ಕೆಲಸ, ಗೇರ್‌ಬಾಕ್ಸಿನ ಎಣ್ಣೆ ನೋಡುವುದು. "ಎಂಜಿನ್ ಚಾಲೂ ಇರುವಾಗಲೇ ನೋಡತಕ್ಕದ್ದು" ಎಂದು ಪುಸ್ತಕದಲ್ಲಿತ್ತು. ಆದರೆ ಸೀತು ಆಗಷ್ಟೇ ಮುಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಆ ಎಂಜಿನ್ನಿಗೋ ಹುಲಿಯ ಗಂಟಲು. ಮಲಗಿದ ಮಗುವನ್ನು ಎಬ್ಬಿಸಬೇಡಿ ಎಂದು ಅಮೆರಿಕದವರು ಬರೆದಿಲ್ಲದಿದ್ದರೆ ಅದು ಅವರ ತಪ್ಪು! ಯಮುನ ಸದ್ದಾಗದಂತೆ ಕಾಲಡಿಯ ಚಾಪೆ ಎತ್ತಿ, ಮುಚ್ಚಳ ತೆಗೆದು, ಅಳತೆಯ ಕಡ್ಡಿ ಅದ್ದಿ ನೋಡಿದಳು. ಎಣ್ಣೆ ಗೆರೆ ಮುಟ್ಟಿತ್ತು. ಡೈರಿಯಲ್ಲಿ ಬರೆದಳು: "ಎಣ್ಣೆ: ಫುಲ್."

ಕಾರು ವಿರಾಜಪೇಟೆ ದಾಟಿತು, ಮೂರ್ನಾಡು ದಾಟಿತು. ಕುಟ್ಟಪ್ಪನ ಎಡಗಾಲು ಹದಿನೇಳು ಸಲ ಬ್ರೇಕ್ ತುಳಿಯಿತು. ಬೆಳ್ಯಪ್ಪನ ಟೋಪಿ ಹದಿನೇಳು ಸಲ ಮುಂದಕ್ಕೆ ಹಾರಿತು. ಸೀತು ಮಾತ್ರ ವಾಂತಿಯನ್ನೇ ಮರೆತು ಒಂದೊಂದು ಸಲವೂ ಕಿಲಕಿಲ ನಕ್ಕಳು. ಚೇರಂಬಾಣೆ ಹತ್ತಿರವಾದಂತೆ ಯಮುನ ಕಿಟಕಿಗೆ ಮುಖ ಆನಿಸಿದಳು. ಅವಳು ಹುಡುಗಿಯಾಗಿದ್ದಾಗ ಕಾಸರಕದ ಕಾಯಿ ಕಚ್ಚಿ ಬಾಯಿ ಕಹಿ ಮಾಡಿಕೊಂಡ ಮರ ಬಂತು. ಶಾಲೆಯಿಂದ ಬರುವಾಗ ಕಾಲು ತೊಳೆಯುತ್ತಿದ್ದ ತೋಡು ಬಂತು. ಇನ್ನೊಂದೇ ಏರು. ಏರಿನ ತುದಿಯಲ್ಲಿ ಮನೆಯ ಹೆಂಚು ಕಾಣುತ್ತಿತ್ತು, ಹೊಗೆಯೂ ಕಾಣುತ್ತಿತ್ತು. ಅವ್ವ ಒಲೆಯ ಮುಂದಿದ್ದಾಳೆ!

ಆಗ ಕಾರು ಗರ್ಜಿಸಿತು. ಗರ್ಜಿಸಿತು, ಅಷ್ಟೇ. ಮುಂದೆ ಹೋಗಲಿಲ್ಲ. ಕುಟ್ಟಪ್ಪ ದೌಡು ಹಾಕಿದ, ಲಗಾಮು ಹಾಕಿದ. ಚಕ್ರಕ್ಕೂ ಎಂಜಿನ್ನಿಗೂ ಸಂಬಂಧವೇ ಕಡಿದುಹೋದಂತೆ ಕಾರು ಮೆಲ್ಲನೆ ಹಿಂದಕ್ಕೆ ಜಾರಿ, ತೋಡಿನ ಬಳಿಯ ಸಮತಟ್ಟಿನಲ್ಲಿ ನಿಂತಿತು. ಇಳಿದು ನೋಡಿದರೆ ಏರಿನುದ್ದಕ್ಕೂ ಕೆಂಪು ಹನಿ.

"ಈಗ ಹೇಳಿ ಯಮುನಕ್ಕ, ಇದನ್ನೂ ನಾನೇ ಉಗಿದೆನಾ?"

ಬೆಳ್ಯಪ್ಪ ಹೆಂಡತಿಯ ಕಡೆ ತಿರುಗಿದ. "ಎಣ್ಣೆ ಫುಲ್ ಅಂದಿದ್ದೆ."

"ಫುಲ್ ಇತ್ತು. ಎಂಜಿನ್ ಮಲಗಿದ್ದಾಗ."

"ಎಂಜಿನ್ ಯಾಕೆ ಮಲಗಿತ್ತು?"

"ಮಗು ಮಲಗಿತ್ತಲ್ಲ!"

ಕುಟ್ಟಪ್ಪನೇ ಗುಟ್ಟು ಬಿಡಿಸಿದ. ಎಂಜಿನ್ ನಿಂತಾಗ ಮೇಲಿನ ಎಣ್ಣೆಯೆಲ್ಲ ಇಳಿದು ತಳ ಸೇರುತ್ತದೆ. ಇಲ್ಲದ್ದೂ ಇದ್ದಂತೆ ಕಾಣುತ್ತದೆ. "ನೀವು ಅಳತೆ ಮಾಡಿದ್ದು ನಿದ್ದೆಯಲ್ಲಿದ್ದ ಎಣ್ಣೆ!"

"ಟಿನ್ನು ಉಂಟಲ್ಲ, ಈಗಲೇ ಹಾಕುವ" ಎಂದಳು ಯಮುನ.

"ಈಗ ಬೇಡ. ಎಲ್ಲಾ ಕಾದಿದೆ, ಸೋರುವ ಬೋಲ್ಟೂ ಬಿಗಿ ಮಾಡ್ಬೇಕು. ತಣೀಲಿ. ಮನೆಗೆ ನಡೆದೇ ಹೋಗುವ."

ನಡೆದೇ! ಕಾರಿನಲ್ಲಿ ಬರುತ್ತೇನೆಂದು ಕಾಗದ ಬರೆದವಳು ಎಂಟು ಜೊತೆ ಬಟ್ಟೆ ಹೊತ್ತು ನಡೆದು ಹೋಗುವುದೇ? ಯಮುನ ಏರನ್ನು ನೋಡಿದಳು, ಕಾರನ್ನು ನೋಡಿದಳು. ತಳದಲ್ಲಿ ಒಂದೇ ಸೌಟು ಸಾರು ಉಳಿದ ಪಾತ್ರೆ ಅವಳ ಕಣ್ಣ ಮುಂದೆ ಬಂತು. "ಕುಟ್ಟಪ್ಪ, ಎಣ್ಣೆ ಹೀರುವ ಬಾಯಿ ಎಲ್ಲಿದೆ? ಮುಂದಾ, ಹಿಂದಾ?"

"ಮುಂದೆ ಇರ್ಬೇಕು."

"ಹಾಗಾದ್ರೆ ಏರಿನಲ್ಲಿ ಎಣ್ಣೆ ಹಿಂದಕ್ಕೆ ಹೋಗ್ತದೆ, ಬಾಯಿಗೆ ಸಿಗೋದಿಲ್ಲ. ಪಾತ್ರೆಯನ್ನು ಸೌಟಿನ ಕಡೆಗೆ ಓರೆ ಮಾಡು! ಕಾರು ತಿರುಗಿಸಿ, ಹಿಮ್ಮುಖವಾಗಿ ಹತ್ತು."

ಕುಟ್ಟಪ್ಪ ಕೈ ಮುಗಿದ. ಬೆಳ್ಯಪ್ಪ ತಳ್ಳಿದ. ಕಾರು ತಿರುಗಿತು. "ರೈಟ್!" ಎಂದು ಕೂಗಿ ಕುಟ್ಟಪ್ಪ ಕಡ್ಡಿಯನ್ನು ತನ್ನ ಚೀಟಿಗೆ ಎಳೆದ. ಆ ಅಮೆರಿಕದ ಆನೆ ಬಾಲ ಮುಂದು ಮಾಡಿ ಏರು ಹತ್ತಿತು!

ಅಂಗಳದಲ್ಲಿ ಅವ್ವ ಬೆಳ್ಳಮ್ಮ ಕಿಂಡಿ ಚೆಂಬಿನಲ್ಲಿ ಕಾಲಿಗೆ ನೀರು ಹಿಡಿದು ನಿಂತಿದ್ದಳು. ಕಾರಿನ ಹಿಂಭಾಗ ಅಂಗಳಕ್ಕೆ ಬಂತು. ಒಳಗೆ ಮಗಳು ಕೂತಿದ್ದಾಳೆ, ಅಮ್ಮತ್ತಿಯ ದಿಕ್ಕಿಗೆ ಮುಖ ಮಾಡಿಕೊಂಡು.

"ಎಂಥ ಗೂಡೆ ಇದು, ಎಂಥ ಹುಡುಗಿ!" ಎಂದಳು ಬೆಳ್ಳಮ್ಮ. "ಒಂಬತ್ತು ತಿಂಗಳಾದ ಮೇಲೆ ತವರಿಗೆ ಬಂದಳೆ, ಮುಖ ಮಾತ್ರ ಗಂಡನ ಮನೆ ಕಡೆಗೆ ಉಂಟು!"

ಯಮುನಳಿಗೆ ನಗು ಬಂತು. ಕಾಲಿಗೆ ತಣ್ಣೀರು ಬಿದ್ದದ್ದೇ, ಅದು ಅಳುವಾಯಿತು.

ಇನ್ನು ಮಹಾಪ್ರದರ್ಶನ. ಸೀತುವನ್ನು ಅಂಗಳದ ನಡುವೆ ನಿಲ್ಲಿಸಿದರು. ಸೀತು ಕೂತಳು. ಎತ್ತಿ ನಿಲ್ಲಿಸಿದರು, ಕೂತಳು. ಕಿತ್ತಳೆ ತೋರಿಸಿದರು, ಕೂತಲ್ಲೇ ಕೈ ಚಾಚಿದಳು.

"ನಿನ್ನೆ ಅಡಿಗೆಮನೆಯಿಂದ ಬಾವಿಕಟ್ಟೆ ತನಕ ನಡೆದಿದ್ದಾಳೆ ಅವ್ವ! ತಾರೀಖು ಹಾಕಿ ಬರೆದಿದ್ದೇನೆ!"

"ಇರ್ಲಿ ಬಿಡು. ಡೈರಿಯಲ್ಲಿ ನಡೀತದಲ್ಲ, ಸಾಕು" ಎಂದು ಬೆಳ್ಳಮ್ಮ ಮೊಮ್ಮಗಳ ಪಾದಗಳನ್ನು ಅಂಗೈಯಲ್ಲಿ ಹಿಡಿದು, ಸುಮ್ಮನೆ ನೋಡುತ್ತಾ ಕೂತಳು.

ಊಟಕ್ಕೆ ಕೂತಾಗ ಕುಟ್ಟಪ್ಪ ಮೂರನೇ ಸಲ ಕಡುಬು ಹಾಕಿಸಿಕೊಳ್ಳುತ್ತಾ, "ಎಂಥದೂ ಇಲ್ಲ ಬೆಳ್ಳಮ್ಮಕ್ಕ. ಬೋಲ್ಟ್ ಬಿಗಿಯಾಯ್ತು. ಡಿಕ್ಕಿಯಲ್ಲಿರುವ ಕೆಂಪು ಟಿನ್ನು ಸುರಿದ್ರೆ ಎರಡು ಗಂಟೆಗೆ ಹೊರಡ್ಬಹುದು" ಎಂದ. ಬೆಳ್ಳಮ್ಮ ಎಂಜಲೆಲೆ ಎತ್ತಿಕೊಂಡು, ಯಾಕೋ ಹಿತ್ತಲಿನ ಬದಲು ಅಂಗಳದ ಕಡೆಯಿಂದ ಸುತ್ತಿ ಹೋದಳು.

ಎರಡು ಗಂಟೆಗೆ ಡಿಕ್ಕಿ ತೆರೆದರೆ ಟಿನ್ನಿಲ್ಲ!

"ನಾನೇ ಇಟ್ಟಿದ್ದೇನೆ! ಇಲ್ಲಿ ನೋಡಿ, ಡೈರಿಯಲ್ಲಿ ಗುರುತು ಹಾಕಿದ್ದೇನೆ!"

"ಅದರಲ್ಲಿ 'ಎಣ್ಣೆ: ಫುಲ್' ಅಂತನೂ ಉಂಟಲ್ಲ?" ಎಂದ ಬೆಳ್ಯಪ್ಪ.

ಯಮುನ ಡೈರಿ ಮುಚ್ಚಿದಳು. ಆ ಎಣ್ಣೆ ವಿರಾಜಪೇಟೆಯಲ್ಲೂ ಸಿಗದು, ಮೈಸೂರಿನಿಂದ ತರಿಸಬೇಕು. ಸೋಮವಾರ ಬೆಳಿಗ್ಗೆ ಆಳುಗಳ ಹಾಜರಿ ತಪ್ಪಿಸುವಂತಿಲ್ಲ. ಬೆಳ್ಯಪ್ಪ, "ಗುರುವಾರ ಬಸ್ಸಿನಲ್ಲಿ ಟಿನ್ನು ಕಳಿಸ್ತೇನೆ, ಅಲ್ಲಿಯವರೆಗೆ ನೀವಿಲ್ಲೇ ಇರಿ" ಎಂದು ಬಸ್ಸು ಹಿಡಿದ. ಕಾರು ಕಾಯಲು ಉಳಿದ ಕುಟ್ಟಪ್ಪನ ಮುಖದಲ್ಲಿ ಕಡುಬಿನ ಕಳೆಯಿತ್ತು. ಯಮುನ ಡೈರಿ ತೆಗೆದು ಅವಮಾನದಿಂದ ಬರೆದಳು: "ಟಿನ್ನು ಮರೆತೆ. ನನ್ನದೇ ತಪ್ಪು." ಬರೆದು, ಅವ್ವನ ಪಕ್ಕದ ಚಾಪೆಯಲ್ಲಿ ಮಗುವಿನಂತೆ ಮಲಗಿದಳು.

ಮಂಗಳವಾರ ಬೆಳಿಗ್ಗೆ. ಯಮುನ ಅಕ್ಕಿ ಕೇರುತ್ತಿದ್ದಳು, ಬೆಳ್ಳಮ್ಮ ಸೌತೆ ಹೆಚ್ಚುತ್ತಿದ್ದಳು. ಯಾರೂ ಕರೆಯಲಿಲ್ಲ, ಕಿತ್ತಳೆ ತೋರಿಸಲಿಲ್ಲ. ಸೀತು ಗೋಡೆ ಹಿಡಿದು ಎದ್ದಳು, ಗೋಡೆ ಬಿಟ್ಟಳು. ಒಂದು ಹೆಜ್ಜೆ. ಎರಡು. ಬೆಳ್ಳಮ್ಮನ ಕೈಯಿಂದ ಕತ್ತಿ ಜಾರಿತು. ಸೀತು ಜಗುಲಿ ದಾಟಿ, ಭತ್ತ ತುಂಬುವ ಪತ್ತಾಯದ ಹಿಂದಕ್ಕೆ ನಡೆದು, ಅಲ್ಲಿದ್ದ ಗೋಣಿಚೀಲವನ್ನು ಎಳೆದಳು. ಢಣ್!

ಕೆಂಪು ಟಿನ್ನು ಉರುಳುತ್ತಾ ಬಂದು ಯಮುನಳ ಮೊಣಕಾಲಿಗೆ ತಾಗಿ ನಿಂತಿತು.

ಯಮುನ ಟಿನ್ನನ್ನು ನೋಡಿದಳು, ಅವ್ವನನ್ನು ನೋಡಿದಳು.

ಬೆಳ್ಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಗದರಿದಳು: "ಮಗು ನಡೀತದೆ ಅಂತ ಮಾತ್ರ ಬರೆದಿದ್ದೆ ನೀನು. ಪೊಲೀಸು ಕೆಲಸವೂ ಮಾಡ್ತದೆ ಅಂತ ಬರೀಲಿಲ್ಲ!"

ಹೊರಗೆ ಕುಟ್ಟಪ್ಪ ಕೆಮ್ಮಿದ. "ಎಂಥ ಸದ್ದು ಯಮುನಕ್ಕ? ಟಿನ್ನು ಬಿದ್ದ ಹಾಗೆ ಕೇಳ್ತು?"

"ಪಾತ್ರೆ, ಪಾತ್ರೆ!" ಎನ್ನುತ್ತಾ ಯಮುನ ಕಾಲಿನಿಂದಲೇ ಟಿನ್ನನ್ನು ಪತ್ತಾಯದ ಹಿಂದಕ್ಕೆ ದೂಡಿ, ಗೋಣಿಯನ್ನು ಮೊದಲಿಗಿಂತ ನೀಟಾಗಿ ಹೊದಿಸಿದಳು. ಗುರುವಾರಕ್ಕೆ ಇನ್ನೂ ಎರಡು ದಿನವಿತ್ತು.

ಅಂದಿನ ಡೈರಿಯಲ್ಲಿ ಎರಡೇ ಸಾಲು: "ಸೀತು ಅವ್ವನ ಮುಂದೆ ನಡೆದಳು. ಟಿನ್ನು ಇನ್ನೂ ಸಿಕ್ಕಿಲ್ಲ."