ಕಿರುಬೆರಳಿನ ಅಳತೆ

ಅವನ ಮನೆಯಲ್ಲಿ ಅಳತೆಪಟ್ಟಿ ಇರಲಿಲ್ಲ.

ಇದ್ದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ ಎಂದು ಅವನ ಹೆಂಡತಿ ಈಗಲೂ ಹೇಳುತ್ತಾಳೆ. ಆಗುತ್ತಿತ್ತು. ಸ್ವಲ್ಪ ನಿಧಾನವಾಗಿ ಆಗುತ್ತಿತ್ತು, ಅಷ್ಟೇ.

ಅವನು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಬೇರೆಯವರ ತಪ್ಪು ಹುಡುಕುವುದೇ ಹನ್ನೆರಡು ವರ್ಷದ ಕಸುಬು. ಮನೆ ಮೊದಲ ಮಹಡಿಯಲ್ಲಿ. ಕೆಳಗೆ ಓನರಮ್ಮ, ಮೇಲೆ ತಾರಸಿ. ಹಾಲಿನ ಗೋಡೆಗೆ ಒತ್ತಿಕೊಂಡು ನಾಲ್ಕಡಿ ಉದ್ದದ ಗಾಜಿನ ತೊಟ್ಟಿ, ಅದರಲ್ಲಿ ಆರು ಮೀನು. ತೊಟ್ಟಿಯ ತಳದ ತೂತಿನಿಂದ ಒಂದು ಪೈಪು ನೀರನ್ನು ಕೆಳಗಿನ ಫಿಲ್ಟರ್ ಡಬ್ಬಕ್ಕೆ ಇಳಿಸುತ್ತಿತ್ತು. ಡಬ್ಬದ ಪಂಪು ಅದನ್ನು ಮತ್ತೆ ಮೇಲಕ್ಕೆ ತಳ್ಳುತ್ತಿತ್ತು. ಇಳಿಯುವ ಪೈಪು ತಿರುಗುವ ಜಾಗದಲ್ಲಿ ಒಂದು ಎಲ್ಬೋ ಇತ್ತು. ಮೊಣಕೈಯ ಹಾಗೆ ಬಗ್ಗಿದ ಆ ಪ್ಲಾಸ್ಟಿಕ್ ತುಂಡು ಒಂದು ತಿಂಗಳಿಂದ ಒದ್ದೆಯಾಗಿಯೇ ಇತ್ತು. ಅದರಿಂದ ಬಿದ್ದ ಹನಿ ನೆಲಕ್ಕೆ, ನೆಲದಿಂದ ಓನರಮ್ಮನ ಮಲಗುವ ಕೋಣೆಯ ಸೂರಿಗೆ ಇಳಿಯುತ್ತಿತ್ತು.

ಅವತ್ತು ಬೆಳಿಗ್ಗೆ ಎಂಟಕ್ಕೆ ಓನರಮ್ಮ ಬಾಗಿಲಲ್ಲಿ ನಿಂತರು.

"ನೋಡಪ್ಪಾ, ನನ್ನ ಮಂಚವನ್ನ ಕೋಣೆ ತುಂಬ ತಿರುಗಿಸಿ ತಿರುಗಿಸಿ ಸಾಕಾಯ್ತು. ರಾತ್ರಿ ಎದ್ರೆ ಬಾಗಿಲು ಯಾವ ಕಡೆ ಅಂತ ತಿಳಿಯಲ್ಲ. ಸಂಜೆ ಐದಕ್ಕೆ ಬರ್ತೀನಿ. ಒಂದು ಹನಿ ಕಂಡ್ರೂ ಮನೆ ಖಾಲಿ ಮಾಡಿ."

ಏಳು ತಿಂಗಳು ಅಲೆದು ಸಿಕ್ಕ ಮನೆ ಅದು. ನರ್ಸ್ ಆಗಿದ್ದ ಹೆಂಡತಿಗೆ ಆಸ್ಪತ್ರೆ ಏಳು ನಿಮಿಷದ ನಡಿಗೆ. ಅವಳು ಮೀನುಗಳನ್ನು ಬಚ್ಚಲಿನ ಬಕೆಟ್ಟಿಗೆ ಸಾಗಿಸಿ ಚಪ್ಪಲಿ ಮೆಟ್ಟಿಕೊಂಡಳು.

"ರೀ, ಪ್ಲಂಬರ್‌ನ ಕರೀರಿ."

"ಒಂದು ಎಲ್ಬೋ ಬದಲಾಯಿಸೋಕೆ ಪ್ಲಂಬರ್ ಯಾಕೆ?"

ಅವಳು ಮೆಟ್ಟಿಲಿಳಿದಳು. ಆಸ್ಪತ್ರೆಯಲ್ಲಿ ಇಂಥ ಮಾತಾಡಿ ಬಂದು ಮಲಗಿದವರನ್ನು ಅವಳು ದಿನಾ ನೋಡುತ್ತಿದ್ದಳು.

ಅವನು ಕಚೇರಿಗೆ ರಜೆ ಹೇಳಿ, ತೊಟ್ಟಿಯ ತಳದ ತೂತಿಗೆ ಒಳಗಿನಿಂದ ಬಾಟಲಿಯ ಬಿರಡೆ ಜಡಿದು, ಸ್ಟ್ಯಾಂಡಿನ ಕೆಳಗೆ ತೂರಿದ. ತಾರಸಿಯಿಂದ ಗೋಡೆಗುಂಟ ಇಳಿದಿದ್ದ ಹಳೇ ಟೀವಿ ಕೇಬಲ್ಲು ತಣ್ಣಗೆ, ಇಲಿಯ ಬಾಲದ ಹಾಗೆ, ಕಿವಿಗೆ ತಾಗಿತು. ಅದನ್ನು ಪಕ್ಕಕ್ಕೆ ತಳ್ಳಿದ. ಮತ್ತೆ ಬಂದು ತಾಗಿತು. ಬೈದುಕೊಂಡು ಎಲ್ಬೋ ತಿರುಗಿಸಿದ. ಅದು ಬಿಸ್ಕತ್ತಿನ ಹಾಗೆ ಮುರಿಯಿತು. ಉಳಿದ ಪೈಪಿನೊಳಗೆ ಕಿರುಬೆರಳು ಹಾಕಿ ನೋಡಿದ. ಎರಡನೇ ಗೆರೆಯವರೆಗೆ ಹೋಗಿ ಬಿಗಿಯಾಯಿತು. ಅಳತೆ ಸಿಕ್ಕಿತು.

ಬೀದಿಯ ತುದಿಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಅಳತೆ ಮರೆಯದಿರಲೆಂದು ಕಿರುಬೆರಳನ್ನೇ ಎತ್ತಿ ಹಿಡಿದ.

ಅಂಗಡಿಯವನು ತಲೆ ಎತ್ತದೆ ಹೇಳಿದ: "ಹಿಂದೆ ಇದೆ ಸಾರ್. ಬಲಗಡೆ. ನೀರು ಹಾಕಿ ಬನ್ನಿ."

"ಅದಲ್ಲರೀ, ಎಲ್ಬೋ ಬೇಕು. ಈ ಅಳತೆದು."

ಅಂಗಡಿಯವನು ಬೆರಳನ್ನು ಎರಡೂ ಕಡೆಯಿಂದ ನೋಡಿ, "ಇಪ್ಪತ್ತು ಎಂಎಂ ಇರಬಹುದು" ಎಂದ. ಇಪ್ಪತ್ತರ ಎಲ್ಬೋ, ಅದಕ್ಕೆ ಸೇರಿಸಲು ಇಪ್ಪತ್ತರದೇ ರಬ್ಬರ್ ಪೈಪು ಕೊಟ್ಟ. ಮನೆಗೆ ಬಂದು ನೋಡಿದರೆ ಎಲ್ಬೋದ ಮೇಲೆ ರಬ್ಬರ್ ಪೈಪು ಕೂರಲೇ ಇಲ್ಲ. ಮಗುವಿನ ಕಾಲ್ಚೀಲವನ್ನು ಅಪ್ಪ ಹಾಕಿಕೊಂಡ ಹಾಗೆ ಅರ್ಧಕ್ಕೇ ನಿಂತಿತು.

ಮತ್ತೆ ಓಡಿದ.

"ಎರಡೂ ಇಪ್ಪತ್ತೇ ಅಲ್ವೇನ್ರೀ?"

"ಹೌದು ಸಾರ್. ಆದ್ರೆ ಗಟ್ಟಿ ಪೈಪನ್ನ ಹೊರಗಿಂದ ಅಳೀತಾರೆ. ರಬ್ಬರ್ ಪೈಪನ್ನ ಒಳಗಿಂದ."

"ಒಂದೇ ಅಂಗಡೀಲಿ?"

"ಒಂದೇ ಶೆಲ್ಫಲ್ಲಿ," ಎಂದು ಅಂಗಡಿಯವನು ಹೆಮ್ಮೆಯಿಂದ ಹೇಳಿದ. "ನಿಮ್ಮ ಬೆರಳು ಒಳಗಿಂದೋ ಹೊರಗಿಂದೋ, ಅದನ್ನ ಹೇಳಿ."

ಯಾವುದಕ್ಕೂ ಇರಲೆಂದು ಬೇರೆ ಬೇರೆ ಅಳತೆಯ ಇನ್ನೂ ಎರಡು ಎಲ್ಬೋ ಹೊತ್ತು ಮೆಟ್ಟಿಲು ಹತ್ತುವಾಗ ಎದುರು ಮನೆಯ ಬಾಯ್ಲರ್ ಅಂಕಲ್ ಹಿಡಿದುಕೊಂಡರು. ಕಾರ್ಖಾನೆಯ ಬಾಯ್ಲರ್ ವಿಭಾಗದಿಂದ ನಿವೃತ್ತರಾಗಿ ಆರು ವರ್ಷ. ಅಂದಿನಿಂದ ಅವರಿಗೆ ಬಾಯ್ಲರ್ ಸಿಕ್ಕಿರಲಿಲ್ಲ.

"ತಮ್ಮಾ, ಬಿಡು ಇಲ್ಲಿ. ಮೂವತ್ತು ವರ್ಷ ಉಗಿ ಹಿಡಿದಿಟ್ಟೋನು ನಾನು. ಈ ಮೀನಿನ ನೀರು ಯಾವ ಲೆಕ್ಕ?"

ಎರಡು ಎಲ್ಬೋಗಳಲ್ಲಿ ಒಂದು ದೊಡ್ಡದಾಯಿತು. ಅಂಕಲ್ ಅದಕ್ಕೆ ಸೈಕಲ್ ಟ್ಯೂಬು ಸುತ್ತಿದರು. ಸುತ್ತಿದ ಮೇಲೆ ಇನ್ನೂ ದೊಡ್ಡದಾಯಿತು. ಇನ್ನೊಂದು ಚಿಕ್ಕದಾಯಿತು, ಅದನ್ನು ಕುದಿಯುವ ನೀರಲ್ಲಿ ಅದ್ದಿ ಮೆತ್ತಗೆ ಮಾಡಿದರು.

"ಬೆರಳು ಹಾಕಿ ಹಿಗ್ಗಿಸು, ಬೇಗ!"

ಅವನು ಕಿರುಬೆರಳು ತುರುಕಿದ. ಪ್ಲಾಸ್ಟಿಕ್ ತಣ್ಣಗಾಯಿತು. ಬೆರಳು ಬರಲಿಲ್ಲ. ಸೋಪು ಹಚ್ಚಿದರು, ಎಣ್ಣೆ ಹಚ್ಚಿದರು, ಅಂಕಲ್ ಗೋಡೆಗೆ ಕಾಲು ಕೊಟ್ಟು ಎಳೆದರು. ಬೆರಳು ಕೆಂಪಾಗಿ, ಆಮೇಲೆ ನೀಲಿಯಾಗಿ ಊದಿಕೊಂಡಿತು.

ಮೂರನೇ ಸಲ ಅಂಗಡಿಗೆ ಹೋದಾಗ ಅವನು ಏನೂ ಹೇಳಬೇಕಾಗಲಿಲ್ಲ.

"ಈ ಸಲ ಅಳತೆ ಜೊತೇಲೇ ತಂದಿದೀರಿ," ಎಂದು ಅಂಗಡಿಯವನು ಗರಗಸದ ಬ್ಲೇಡು ತೆಗೆದುಕೊಂಡ. ಎಲ್ಬೋ ಎರಡು ಹೋಳಾಗಿ ಬಿತ್ತು, ಬೆರಳಿನ ಒಂದು ಬದಿಯ ಚರ್ಮವೂ ಜೊತೆಗೆ ಹೋಯಿತು. ಆ ಹೋಳಿನ ಅಳತೆ ನೋಡಿ ಅಂಗಡಿಯವನು ಅದಕ್ಕಿಂತ ಒಂದು ಅಳತೆ ದೊಡ್ಡದಾದ ನಾಲ್ಕನೇ ಎಲ್ಬೋ ಕೊಟ್ಟ. ಅದೊಂದು ಸರಿಯಾಗಿತ್ತು. ಬೆಳಿಗ್ಗೆಯೇ ಮುರಿದ ತುಂಡನ್ನು ಜೇಬಿಗೆ ಹಾಕಿಕೊಂಡು ಬಂದಿದ್ದರೆ ಮೊದಲ ಸಲವೇ ಸಿಗುತ್ತಿತ್ತು ಎಂದು ದಾರಿಯಲ್ಲಿ ಹೊಳೆದು, ಅವನು ಒಂದು ಕ್ಷಣ ಬೀದಿಯ ನಡುವೆ ನಿಂತ. ಹಿಂದಿದ್ದ ಆಟೋದವನು ಬೈದ ಮೇಲೆ ನಡೆದ.

ಅಂಕಲ್ ಅಡ್ಡ ಬಂದ ಕೇಬಲ್ಲನ್ನು ತೊಟ್ಟಿಯ ಹಿಂದಕ್ಕೆ ಸಿಕ್ಕಿಸಿ, ಎಲ್ಬೋಗೆ ಗಮ್ಮು ಬಳಿದರು. ಡಬ್ಬದಲ್ಲಿದ್ದಷ್ಟನ್ನೂ ಬಳಿದರು. ಆಮೇಲೆ ಬಚ್ಚಲಿಗೆ ಹೋಗಿ ಕೈ ತೊಳೆದು, ಕೈ ಒರೆಸಿಕೊಳ್ಳುತ್ತ ಬಂದರು.

ನಾಲ್ಕೂವರೆಗೆ ಹೆಂಡತಿ ಬಂದಳು. ನೇರ ಬಚ್ಚಲಿಗೆ ಹೋದಳು.

"ರೀ, ಬಕೆಟ್ಟಿಗೆ ಏನು ಹಾಕಿದ್ರಿ?"

"ಏನೂ ಇಲ್ವಲ್ಲ."

"ನಾನು ಕೈ ಅದ್ದಿ ತೊಳೆದೆ, ಅಷ್ಟೇ ಕಣಮ್ಮಾ," ಎಂದರು ಅಂಕಲ್. "ಅದರಲ್ಲಿ ಮೀನಿತ್ತಾ? ಹಾಗೇ ಅನ್ಕೊಂಡೆ, ಏನೋ ತಾಗ್ತಿತ್ತು."

ನಾಲ್ಕು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಬಾಯಿ ಬಿಡುತ್ತಿದ್ದ ಎರಡನ್ನು ಅವಳು ಕೈಗೆ ಸಿಕ್ಕ ಪಾತ್ರೆಗೆ, ಅಂದರೆ ಕುಕ್ಕರಿಗೆ, ನೀರು ತುಂಬಿ ಹಾಕಿದಳು. ಅವನು ಕುಕ್ಕರಿನ ಮುಂದೆ ಕೂತ.

"ಏಳಿ," ಎಂದಳು ಅವಳು. "ಐದಾಗ್ತಾ ಬಂತು. ಮನೆಯಾದ್ರೂ ಉಳೀಲಿ."

ಐದಕ್ಕೆ ಸರಿಯಾಗಿ ಓನರಮ್ಮ ಬಂದರು. ಅವನು ಬಿರಡೆ ಕಿತ್ತು ಪಂಪು ಹಾಕಿದ. ನೀರು ಇಳಿಯಿತು, ಏರಿತು. ಓನರಮ್ಮ ಬಗ್ಗಿ, ಎಲ್ಬೋ ಸುತ್ತ ಬಿಳಿ ಕರವಸ್ತ್ರ ಆಡಿಸಿ ನೋಡಿದರು. ಒಣಗಿತ್ತು.

"ಪರ್ವಾಗಿಲ್ವೇ! ಇನ್ನು ಹೋಗೋ ಮಾತೇ ಬೇಡ, ಇರಿ ನೀವು."

ಹೆಂಡತಿ ಆ ದಿನ ಮೊದಲ ಸಲ ನಕ್ಕಳು.

"ನಮ್ಮ ಕೆಲಸ ಅಂದ್ರೆ ಹೀಗೆ, ಕಲ್ಲು!" ಎಂದು ಅಂಕಲ್ ಸ್ಪ್ಯಾನರಿನಿಂದ ಎಲ್ಬೋವನ್ನು ಟಕ್ ಎಂದು ಬಡಿದರು.

ಎಲ್ಬೋ ಕಳಚಿ ಸೋಫಾದ ಕೆಳಗೆ ಹೋಯಿತು. ನಾಲ್ಕಡಿ ತೊಟ್ಟಿಯ ನೀರು ಬಾಯಿಬಿಟ್ಟ ಪೈಪಿನಿಂದ ಮೊದಲು ಓನರಮ್ಮನ ಮೇಲೆ, ಆಮೇಲೆ ನೆಲದ ಮೇಲೆ, ಆಮೇಲೆ ಮೆಟ್ಟಿಲ ಮೇಲೆ ಹರಿಯಿತು. ಅವನು ಎರಡೂ ಕೈಯಲ್ಲಿ ಪೈಪು ಒತ್ತಿ ಹಿಡಿದ. ನೀರು ಅಂಗಿಯ ತೋಳಿನ ಒಳಗೆ ಹೋಗಿ ಪ್ಯಾಂಟಿನಿಂದ ಹೊರಬಂದಿತು. ತೊಟ್ಟಿ ಪೂರ್ತಿ ಬರಿದಾದ ಮೇಲೆ ನಿಂತಿತು.

ಹೆಂಡತಿ ನೆಲ ಒರೆಸಲು ಬಟ್ಟೆ ತಂದಳು.

ಟಪ್.

ಒಂದು ಹನಿ, ಎಲ್ಬೋ ಇದ್ದ ಜಾಗಕ್ಕೇ ಬಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು.

"ತೊಟ್ಟೀಲಿ ನೀರೇ ಇಲ್ವಲ್ಲ," ಎಂದಳು ಹೆಂಡತಿ.

ನಾಲ್ವರೂ ತಲೆ ಎತ್ತಿದರು. ಸೂರು ಗೋಡೆ ಸೇರುವ ಮೂಲೆಯಲ್ಲಿ ಕಪ್ಪು ತೇವ. ಅಲ್ಲಿಂದ ಹನಿ, ಬಡಿತಕ್ಕೆ ಮತ್ತೆ ಕೆಳಗೆ ಜಾರಿದ್ದ ಕೇಬಲ್ಲಿನ ಗುಂಟ ನಿಧಾನವಾಗಿ ಇಳಿದು, ತೊಟ್ಟಿಯ ಹಿಂದೆ ಹಾದು, ತುದಿಯಲ್ಲಿ ತೂಗಿ, ಬೀಳುತ್ತಿತ್ತು.

"ನಾನು ಬೆಳಿಗ್ಗೆನೇ ಅನ್ಕೊಂಡೆ," ಎಂದರು ಅಂಕಲ್.

ಓನರಮ್ಮ ಸೆರಗು ಹಿಂಡುತ್ತ ಹೇಳಿದರು: "ತಾರಸಿ ಟ್ಯಾಂಕಿನ ಪೈಪು ಈ ಗೋಡೆಯೊಳಗೇ ಇಳಿದಿದೆ. ಅದು ಒಡೆದಿದೆ. ಅಯ್ಯೋ, ಪಾಪ, ಸುಮ್ಮನೆ ನಿಮ್ಮನ್ನ ಅಂದೆ."

"ಅಂದ್ರೆ ತಪ್ಪು ನಮ್ದಲ್ಲ!" ಅವನು ಊದಿದ ಕಿರುಬೆರಳನ್ನು ಆ ಮೂಲೆಯತ್ತ ಚಾಚಿದ. ಹನ್ನೆರಡು ವರ್ಷದಲ್ಲಿ ಇಷ್ಟು ದೊಡ್ಡ ತಪ್ಪು ಅವನ ಕಣ್ಣಿಗೆ ಬಿದ್ದಿರಲಿಲ್ಲ.

"ಅಲ್ವೇ ಅಲ್ಲ. ಪೂರ್ತಿ ನಮ್ದೇ." ಓನರಮ್ಮ ಗೋಡೆಯನ್ನು ಮೇಲಿಂದ ಕೆಳಗೆ, ಅಡುಗೆಮನೆಯವರೆಗೆ ನೋಡಿದರು. "ಈ ಗೋಡೆ ಒಡೀಬೇಕು. ಆ ಗೋಡೇನೂ. ಮೂರು ತಿಂಗಳಾದ್ರೂ ಹಿಡಿಯುತ್ತೆ. ಈ ತಿಂಗಳ ಕೊನೆಗೆ ಖಾಲಿ ಮಾಡ್ಬಿಡಿ ಮಕ್ಕಳೇ. ನಿಮ್ಮ ಮೇಲೆ ನನಗೇನೂ ಬೇಜಾರಿಲ್ಲ."

ಒಟ್ಟು ಹೋದದ್ದು: ಒಂದು ದಿನದ ರಜೆ, ಐದು ಎಲ್ಬೋ, ಒಂದು ಬೆರಳಿನ ಅರ್ಧ ಚರ್ಮ, ನಾಲ್ಕು ಮೀನು, ಒಂದು ಮನೆ.